ಹೆಸರಿಲ್ಲದ ಕೈಗಳು ಕಟ್ಟಿದ ದೇವಾಲಯ



ಶತಮಾನೋತ್ಸವದ ಈ ಶುಭದಿನದಂದು ದೂರದ ಬ್ರೆಜಿಲ್ ದೇಶದ ಒಂದು ದೇವಾಲಯವನ್ನು ನೆನೆಯೋಣ. ಸಾಲ್ವಡೋರ್ ನಗರದಲ್ಲಿ, ಗುಲಾಮರನ್ನು ಕಂಬಕ್ಕೆ ಕಟ್ಟಿ ಥಳಿಸುತ್ತಿದ್ದುದರಿಂದ ಹೆಸರಾದ ಬೀದಿಯಲ್ಲಿ, ಆಫ್ರಿಕನರ ಜಪಮಾಲೆ ಮಾತೆಯ ಸಹೋದರಸಂಘವು 1704ರಲ್ಲಿ ಅದನ್ನು ಕಟ್ಟತೊಡಗಿತು. ಹಗಲೆಲ್ಲ ಒಡೆಯರಿಗೆ ದುಡಿದವರು ಬಿಡುವಿನ ವೇಳೆಯಲ್ಲಿ ಕಲ್ಲು ಹೊತ್ತರು. ಕೆಲಸಕ್ಕೆ ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ಆರಂಭಿಸಿದವರು ಅದರ ಪೂರ್ಣರೂಪವನ್ನು ಕಾಣಲಿಲ್ಲ. ಆ ದೇಶದಲ್ಲಿ ಗುಲಾಮಗಿರಿ ಅಳಿದುದು 1888ರಲ್ಲಿ. ಅವರನ್ನು ಕೊಂಡವರೂ ಜಪಮಾಲೆ ಹಿಡಿದವರೇ ಎಂಬುದನ್ನು ನಾವು ಮರೆಮಾಚಲಾಗದು.

ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನರ ಸಂತತಿಯವರಾದ ಸಿದ್ದಿಗಳು ನಮ್ಮ ನಾಡಿನ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿದ್ದಾರೆ. ಅವರಲ್ಲಿ ಅನೇಕರು ಕಥೋಲಿಕರು.

ಜೀತಪದ್ಧತಿಯನ್ನು ನಮ್ಮ ದೇಶದ ಕಾನೂನು 1976ರಲ್ಲಿ ರದ್ದುಗೊಳಿಸಿತು. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕಲ್ಲು ಒಡೆಯುವವನ, ರೇಷ್ಮೆ ಬಿಚ್ಚುವವಳ ಕೂಲಿಯನ್ನು ಮುಂಗಡ ಸಾಲಕ್ಕೆ ಹಿಡಿದಿಟ್ಟುಕೊಂಡವರು ನಮ್ಮಲ್ಲಿ ಯಾರಾದರೂ ಇದ್ದರೆ, ಇಂದೇ ಆ ಲೆಕ್ಕ ಹರಿಯಲಿ.

ನಮ್ಮ ಗೋಡೆಯ ಶಿಲಾಫಲಕದಲ್ಲಿ ದಾನಿಗಳ ಹೆಸರಿದೆ. ಕಲ್ಲು ಹೊತ್ತವರ ಹೆಸರಿಲ್ಲ. ಬರುವ ಭಾನುವಾರದ ಬಲಿಪೂಜೆಯನ್ನು ಅವರಿಗಾಗಿ ಅರ್ಪಿಸುತ್ತೇನೆ. ತಾವೆಲ್ಲರೂ ಬನ್ನಿ.