ಸತ್ತ ಕಾಲೇಜಿನಲ್ಲಿ ಕಲಿತ ಪಾಠ

(ಸಂಘದ ಮಕ್ಕಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಸಂಘದ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ನಾವು ಎಳುಂಬೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಅಲ್ಲಿ ಕಂಡದ್ದನ್ನೂ, ಅಲ್ಲಿಂದ ಬಂದ ಮೇಲೆ ನಮ್ಮಲ್ಲೇ ಕಂಡ ಒಂದು ಕೊರತೆಯನ್ನೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಈಗ ನಿಂತಿದ್ದೇವೆ.

ಈ ಸಂಗ್ರಹಾಲಯ ಹುಟ್ಟಿದ್ದು 1851ರಲ್ಲಿ. ಪ್ಯಾಂಥಿಯನ್ ರಸ್ತೆಯ ಈಗಿನ ಸ್ಥಳಕ್ಕೆ ಅದು ಬಂದದ್ದು 1854ರಲ್ಲಿ. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರು ಅದರ ಮೊದಲ ಮೇಲ್ವಿಚಾರಕರು. ಅವರು ಅಲ್ಲಿ ಜೀವಂತ ಪ್ರಾಣಿಗಳನ್ನೂ ಇರಿಸಿದ್ದರು. ಮುಂದೆ ಅವು ಬೇರೆಡೆಗೆ ಹೋದವು. ಆದ್ದರಿಂದಲೋ ಏನೋ, ಹಳೆಯ ಮದರಾಸಿನ ಜನ ಮೃಗಾಲಯವನ್ನು ‘ಉಯಿರ್ ಕಾಲೇಜು’ ಎಂದೂ, ಇದನ್ನು ‘ಸೆತ್ತ ಕಾಲೇಜು’ ಎಂದೂ ಕರೆದರು. ಒಂದು ಜೀವದ ಕಾಲೇಜು, ಇನ್ನೊಂದು ಸತ್ತ ಕಾಲೇಜು!

ಅಮರಾವತಿಯ ಸ್ತೂಪದ ಶಿಲ್ಪಗಳ ಮುಂದೆ ಮಕ್ಕಳು ಬೆರಗಾಗಿ ನಿಂತರು. ಶಾತವಾಹನರ ಕಾಲದ ಇಂಥದೇ ಸುಣ್ಣಕಲ್ಲಿನ ಕೆತ್ತನೆಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿಯೂ ದೊರೆತಿವೆ, ಅಲ್ಲಿ ಅಶೋಕನ ಚಿತ್ರವೇ ಅವನ ಹೆಸರಿನೊಡನೆ ಇದೆ ಎಂದು ನಾವು ಹೇಳಿದೆವು.

ಬಳಿಕ ರಾಬರ್ಟ್ ಬ್ರೂಸ್ ಫೂಟ್ ಅವರ ವಿಷಯ ಬಂತು. 1863ರ ಮೇ 30ರಂದು ಪಲ್ಲಾವರದಲ್ಲಿ ಶಿಲಾಯುಗದ ಉಪಕರಣವನ್ನು ಗುರುತಿಸಿದ ಭೂವಿಜ್ಞಾನಿ ಅವರು. ಬಳ್ಳಾರಿಯ ಹತ್ತಿರದ ಕಪ್ಪಗಲ್ಲಿನ ಬೆಟ್ಟದಲ್ಲಿ ಆದಿಮಾನವರು ಕಲ್ಲುಕೊಡಲಿ ತಯಾರಿಸುತ್ತಿದ್ದ ನೆಲೆಯನ್ನು ವಿವರಿಸಿದವರಲ್ಲಿ ಅವರೂ ಒಬ್ಬರು. ಅವರ ಸಂಗ್ರಹವನ್ನು 1904ರಲ್ಲಿ ಈ ಸಂಗ್ರಹಾಲಯಕ್ಕಾಗಿ ಕೊಂಡುಕೊಂಡರು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೇ ಸೇರಿದ್ದವು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಓದಿಗೂ ಕೆಲಸಕ್ಕೂ ಈ ಊರಿಗೆ ಬಂದದ್ದು ಆ ನಂಟಿನಿಂದಲೇ.

ಕೊನೆಗೆ ಹೇಮಾವತಿಯ ನೊಳಂಬ ಶಿಲ್ಪಗಳನ್ನು ನೋಡಿದೆವು. ಸಿ. ಶಿವರಾಮಮೂರ್ತಿಯವರು 1964ರಲ್ಲಿ ಇವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. “ಇವು ನಮ್ಮ ಕನ್ನಡನಾಡಿನ ಶಿಲ್ಪಗಳು” ಎಂದು ನಾವು ಹೆಮ್ಮೆಯಿಂದ ಹೇಳುತ್ತಿದ್ದಂತೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಮಾಮಾ, ಹೇಮಾವತಿ ಆಂಧ್ರದಲ್ಲಿದೆಯಲ್ಲ? ನಮ್ಮದು ಹೇಗಾಯಿತು?”

ಒಂದು ಗಳಿಗೆ ನಮಗೆ ಮಾತು ಹೊರಡಲಿಲ್ಲ. ಆಮೇಲೆ ಹೇಳಿದೆವು: “ಮಗು, ಅದರ ಹಳೆಯ ಹೆಸರು ಹೆಂಜೇರು. ಅದು ನೊಳಂಬರ ರಾಜಧಾನಿ. ಅವರು ಬರೆಯಿಸಿದ ಶಾಸನಗಳು ಬಹುಪಾಲು ಕನ್ನಡದಲ್ಲಿವೆ. ಶಿಲ್ಪಿ ಉಳಿ ಹಿಡಿದಾಗ ಇಂದಿನ ಗಡಿಗಳಿರಲಿಲ್ಲ. ಇವು ಆಂಧ್ರದವರಿಗೂ ಸೇರಿದವು, ನಮಗೂ ಸೇರಿದವು. ಕಾಪಾಡಿಕೊಂಡು ಬಂದದ್ದು ಈ ತಮಿಳು ನಾಡಿನ ಊರು.”

ಹುಡುಗಿ ಬಿಡಲಿಲ್ಲ. “ಹಾಗಾದರೆ ಚೆನ್ನೈಯಲ್ಲಿ ಹುಟ್ಟಿದ ನಾವು ಕನ್ನಡದವರು ಹೇಗೆ?”

“ನುಡಿಯಿಂದ” ಎಂದೆವು. ಉತ್ತರ ಸುಲಭವಾಗಿತ್ತು. ಹಿಂದಿರುಗಿ ಬಂದು, ನೋಡಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ ಎಂದಾಗ ನಿಜ ಹೊರಬಿತ್ತು. ಇಪ್ಪತ್ತೆರಡರಲ್ಲಿ ಬರೆಯಬಲ್ಲವರು ನಾಲ್ವರು ಮಾತ್ರ! ಉಳಿದವರೆಲ್ಲ ಮನೆಯಲ್ಲಿ ಸೊಗಸಾಗಿ ಕನ್ನಡ ಆಡುವವರೇ. ಅಕ್ಷರ ಮಾತ್ರ ಬಾರದು. ಪ್ರಶ್ನೆ ಕೇಳಿದ ಹುಡುಗಿ ತನ್ನ ಹೆಸರನ್ನೂ ಬರೆಯಲಾರದೆ ತಲೆತಗ್ಗಿಸಿದಳು. ತಗ್ಗಬೇಕಾದದ್ದು ನಮ್ಮ ತಲೆ. ವರುಷಕ್ಕೊಮ್ಮೆ ಬಾವುಟ ಏರಿಸಿ, ಹಾಡು ಹೇಳಿ, ಸಿಹಿ ಹಂಚಿ, ನಾವು ಕರ್ತವ್ಯ ಮುಗಿಯಿತೆಂದುಕೊಂಡಿದ್ದೆವು.

ತಂದೆತಾಯಿಗಳಲ್ಲಿ ನಮ್ಮದೊಂದೇ ಬಿನ್ನಹ. ಶಾಲೆಯಲ್ಲಿ ಮಕ್ಕಳು ತಮಿಳನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಅನ್ನ ನೀಡಿದ ನೆಲದ ನುಡಿಯನ್ನು ಕಲಿಯುವುದು ಧರ್ಮ. ಆದರೆ ಭಾನುವಾರ ಒಂದು ಗಂಟೆ ಅವರನ್ನು ನಮ್ಮಲ್ಲಿಗೆ ಕಳಿಸಿಕೊಡಿ. ಹಲಗೆ ಬಳಪ ನಾವು ಕೊಡುತ್ತೇವೆ, ಕಲಿಸುವವರೂ ನಮ್ಮಲ್ಲಿದ್ದಾರೆ. ಬರುವ ವರುಷ ಮತ್ತೆ ಹೇಮಾವತಿಯ ಶಿಲ್ಪಗಳ ಮುಂದೆ ನಿಲ್ಲೋಣ. ಆಗ ಮಕ್ಕಳೇ ಅವುಗಳ ಕಥೆಯನ್ನು ಕನ್ನಡದಲ್ಲಿ ಬರೆದು ತರಲಿ, ನಾವು ಕೇಳೋಣ.

ಆ ಹುಡುಗಿ ಈಗಾಗಲೇ ಮೂರು ಭಾನುವಾರ ಬಂದಿದ್ದಾಳೆ. ಹೆಸರು ಬರೆಯಲು ಕಲಿತಿದ್ದಾಳೆ.