ಮಕ್ಕಳ ಸಂಜೆಯ ಹೊತ್ತು



ಶಾಲೆ ಬಿಟ್ಟ ಮೇಲೆ ನಮ್ಮ ಪುಣೆಯ ಮಕ್ಕಳಿಗೆ ಇನ್ನೊಂದು ಶಾಲೆ ತೊಡಗುತ್ತದೆ. ಸೋಮವಾರ ತಬಲಾ, ಮಂಗಳವಾರ ಚಿತ್ರಕಲೆ, ಬುಧವಾರ ಈಜು, ಗುರುವಾರ ಅಬ್ಯಾಕಸ್. ಕೋಥ್ರೂಡದಿಂದ ಡೆಕ್ಕನ್ನಿನವರೆಗೆ ತಾಯಿಯ ಸ್ಕೂಟರಿನ ಹಿಂದೆ ಕುಳಿತು, ಡಬ್ಬಿಯಲ್ಲಿ ಉಳಿದ ಚಪಾತಿ ತಿನ್ನುವ ಮಗುವನ್ನು ಯಾರು ಕಂಡಿಲ್ಲ? ಇದನ್ನೆಲ್ಲ ಆರಿಸಿದವರು ಮಗುವೋ, ನೆರೆಮನೆಯವರೋ?

ಅಂಕಗಳ ಆಸೆಯೂ ಉಂಟು. ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಚಿತ್ರಕಲೆಗೆ, ಶಾಸ್ತ್ರೀಯ ಸಂಗೀತಕ್ಕೆ, ಕ್ರೀಡೆಗೆ ಹೆಚ್ಚುವರಿ ಅಂಕಗಳಿವೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಪ್ರಮಾಣಪತ್ರ ಬಂದ ಮರುದಿನವೇ ಹಾರ್ಮೋನಿಯಂ ಅಟ್ಟ ಸೇರುವುದಾದರೆ, ಮಗು ಕಲಿತದ್ದು ಪರೀಕ್ಷೆಯನ್ನೇ ಹೊರತು ಸಂಗೀತವನ್ನಲ್ಲ.

ಗದಗಿನ ಗುರುರಾಜ ಜೋಶಿಯವರನ್ನು ಇಲ್ಲಿ ನೆನೆಯಬೇಕು. ಶಾಲಾ ಶಿಕ್ಷಕರು, ಮಗ ಡಾಕ್ಟರೋ ಎಂಜಿನಿಯರೋ ಆಗಲೆಂದು ಬಯಸಿದ್ದವರು. ಆ ಮಗ ಭೀಮಸೇನ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟ. ಅಲೆದು ಅಲೆದು ಪಂಜಾಬಿನ ಜಲಂಧರ ಸೇರಿದ. ಅಲ್ಲಿ ಅವನನ್ನು ಕಂಡವರು ನಮ್ಮ ಪುಣೆಯ ಗಂಧರ್ವ ಮಹಾವಿದ್ಯಾಲಯದ ವಿನಾಯಕಬುವಾ ಪಟವರ್ಧನರು. ನಿಮ್ಮ ಸೀಮೆಯ ಕುಂದಗೋಳದಲ್ಲೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರವೇಕೆಂದು ತಿಳಿಯಹೇಳಿದರು. ಹುಡುಗ ಮನೆಗೆ ಮರಳಿದ ಮೇಲೆ ತಂದೆ ತಮ್ಮ ಆಸೆಯನ್ನು ಬದಿಗಿಟ್ಟರು. 1936ರಲ್ಲಿ ಅವನನ್ನು ಸವಾಯಿ ಗಂಧರ್ವರ ಬಳಿ ಬಿಟ್ಟರು. ಅಲ್ಲಿ ಅವನು ನೀರು ಹೊತ್ತ, ಮನೆಗೆಲಸ ಮಾಡಿದ. ಪಾಠ ಬಂದದ್ದು ನಿಧಾನವಾಗಿ. ಮೂರು ತಿಂಗಳಲ್ಲಿ ಮಗ ಏನು ಕಲಿತನೆಂದು ಕೇಳುವ ನಮಗೆ ಆ ತಾಳ್ಮೆ ಎಲ್ಲಿಂದ ಬರಬೇಕು! ಗುರುವಿನ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ತೊಡಗಿದ ಸಂಗೀತೋತ್ಸವವನ್ನು ಭೀಮಸೇನ ಜೋಶಿಯವರು ದಶಕಗಳ ಕಾಲ ನಡೆಸಿದ್ದು ನಿಮಗೆ ಗೊತ್ತೇ ಇದೆ.

ಎಲ್ಲರ ಮಕ್ಕಳೂ ಭೀಮಸೇನರಲ್ಲ, ಆಗಬೇಕಾಗಿಯೂ ಇಲ್ಲ. ನಾನು ಹೇಳುವುದು ತಂದೆಯ ಮಾತು. ಮಗುವಿನ ಸೆಳೆತ ಎತ್ತ ಎಂದು ನೋಡಿ, ತಕ್ಕ ಗುರುವನ್ನು ಗೊತ್ತುಮಾಡಿ, ಆಮೇಲೆ ಅಡ್ಡ ಬಾರದಿರುವುದು. ಎರಡು ದಿನ ಅತ್ತಿತೆಂದು ಬಿಡಿಸಬಾರದು. ಹಾಗೆಂದು, ವರ್ಷದ ಫೀ ಮುಂಗಡ ಕೊಟ್ಟಿದ್ದೇವೆಂದು ತಿಂಗಳುಗಟ್ಟಲೆ ಒಲ್ಲದ ಮಗುವನ್ನು ಎಳೆದೊಯ್ಯುವುದು ನಮ್ಮ ಬ್ಯಾಂಕಿನವರ ಲೆಕ್ಕದಲ್ಲೂ ತಪ್ಪು. ಕೊಟ್ಟ ಹಣ ಹೋಯಿತು, ಮುಂದಿನ ಸಂಜೆಗಳನ್ನಾದರೂ ಉಳಿಸಬೇಡವೇ? ವಾರದಲ್ಲಿ ಎರಡು ಸಂಜೆ ಬರಿದೇ ಆಡಲಿಕ್ಕೂ ಬಿಡಿ.

ಈ ಸಭೆಯಲ್ಲೇ ತಬಲಾ ಬಲ್ಲವರಿದ್ದಾರೆ, ಚದುರಂಗ ಬಲ್ಲವರಿದ್ದಾರೆ, ರಂಗೋಲಿಯಲ್ಲಿ ನುರಿತ ಅಜ್ಜಿಯರಿದ್ದಾರೆ. ವಾರಕ್ಕೊಂದು ತಾಸು ಕೊಡಬಲ್ಲವರು ಚಹಾ ಆದ ಮೇಲೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕೆಂದು ಬೇಡುತ್ತೇನೆ.