ಬರ ತಾಳುವ ಬೆಳೆ: ವಂಶವಾಹಿ ತಂತ್ರಜ್ಞಾನದ ಭರವಸೆ ಮತ್ತು ಮಿತಿ



ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಭಾಗದ ಕೆಂಪು ನೆಲಕ್ಕೆ ಶೇಂಗಾ ಹಳೆಯ ಬೆಳೆ. ತುಂಗಭದ್ರಾ ಜಲಾಶಯದ ಹಿನ್ನೀರು ಹತ್ತಿರದಲ್ಲೇ ಇದ್ದರೂ ಅನೇಕ ಹೊಲಗಳು ಮಳೆಯನ್ನೇ ನಂಬಿವೆ. ಶೇಂಗಾ ಹೂ ಬಿಟ್ಟ ಮೇಲೆ ಸೂಜಿಯಂಥ ಊಡು ಕೆಳಗಿಳಿದು, ಮಣ್ಣಿನೊಳಗೆ ಹೊಕ್ಕು ಕಾಯಾಗುತ್ತದೆ. ಆ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಗಟ್ಟಿಯಾದರೆ ಊಡು ಒಳಗೆ ಇಳಿಯದು. ಗಿಡ ಹಸಿರಾಗಿದ್ದರೂ ಬುಡದಲ್ಲಿ ಕಾಯಿ ಇರುವುದಿಲ್ಲ. ಬೀಜ, ಗೊಬ್ಬರಕ್ಕೆ ತಂದ ಸಾಲ ಮಾತ್ರ ಉಳಿಯುತ್ತದೆ. ಇಂಥ ಬೆಳೆಗೆ ಬರ ತಾಳುವ ಶಕ್ತಿಯನ್ನು ಪ್ರಯೋಗಾಲಯದಲ್ಲಿ ತುಂಬಬಹುದೇ?

ಎಲೆಯ ಪತ್ರರಂಧ್ರಗಳು ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಆಹಾರ ತಯಾರಿಕೆ ಕುಗ್ಗುತ್ತದೆ. ಆದ್ದರಿಂದ ಗಿಡ ಬದುಕಿ ಉಳಿಯುವುದು ಬೇರೆ, ಇಳುವರಿ ಕೊಡುವುದು ಬೇರೆ. ಬರ ತಾಳುವ ಗುಣ ಒಂದೇ ವಂಶವಾಹಿಯ ಕೆಲಸವಲ್ಲ. ಬೇರು, ಎಲೆ, ಜೀವಕೋಶಗಳಲ್ಲಿ ಹಲವು ವಂಶವಾಹಿಗಳು ಕೂಡಿ ದುಡಿಯುತ್ತವೆ.

ಹಾಗಾದರೆ ಅವೆಲ್ಲಕ್ಕೂ ಆಜ್ಞೆ ಕೊಡುವ ಮೇಸ್ತ್ರಿಯನ್ನೇ ಹಿಡಿದರೆ? ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ‘ಡ್ರೆಬ್ 1ಎ’ ಅಂಥ ಒಂದು ವಂಶವಾಹಿ. ಅದನ್ನು ಸದಾ ಚಾಲೂ ಇಟ್ಟರೆ ಗಿಡ ಬರ ತಾಳುತ್ತದೆ, ಆದರೆ ಕುಳ್ಳಾಗುತ್ತದೆ. ನೀರಿನ ಕೊರತೆಯಂಥ ಸಂಕಟ ಬಂದಾಗ ಮಾತ್ರ ಚುರುಕಾಗುವ ಸ್ವಿಚ್ಚನ್ನು ಜೋಡಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆಂದು ಜಪಾನಿನ ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಇದೇ ಜೋಡಣೆಯನ್ನು ‘ಜೆಎಲ್ 24’ ಶೇಂಗಾ ತಳಿಗೆ ಸೇರಿಸಿತು. ಹೀಗೆ ಬಂದ ಕೆಲವು ಗಿಡಗಳು ಬಳಸಿದ ಪ್ರತಿ ಲೀಟರ್ ನೀರಿಗೆ ಹೆಚ್ಚು ಬೆಳವಣಿಗೆ ತೋರಿದವೆಂದು 2007ರಲ್ಲಿ ಪ್ರಕಟವಾಯಿತು.

ಆದರೆ ಕುಂಡದ ಗಿಡ ಗೆದ್ದರೆ ಹೊಲ ಗೆದ್ದಂತಲ್ಲ. ಭಾರತದಲ್ಲಿ ವಾಣಿಜ್ಯ ಬೇಸಾಯಕ್ಕೆ ಬಂದಿರುವ ಕುಲಾಂತರಿ ಬೆಳೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯೊಂದೇ.

ಬೇರೆ ದಾರಿಗಳೂ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ವಂಶವಾಹಿ ಗುರುತುಗಳ ನೆರವಿನಿಂದ ಆಯ್ದು, ಕಡಿಮೆ ನೀರಿನ ‘ಎಂಎಎಸ್ 946-1’ ಭತ್ತವನ್ನು 2007ರಲ್ಲಿ ಹೊರತಂದಿತು. ಇದರಲ್ಲಿ ಬೇರೆ ಜೀವಿಯ ವಂಶವಾಹಿ ಇಲ್ಲ. ಭತ್ತದ ಸ್ವಂತ ವಂಶವಾಹಿಯನ್ನೇ ತಿದ್ದಿ ರೂಪಿಸಿದ ‘ಪೂಸಾ ಡಿಎಸ್‌ಟಿ ರೈಸ್ 1’ ತಳಿಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಇನ್ನೊಂದು ಪ್ರಶ್ನೆ ಬೀಜದ್ದು. ಶೇಂಗಾ ತನ್ನಲ್ಲೇ ಪರಾಗಸ್ಪರ್ಶ ಹೊಂದುವ ಬೆಳೆಯಾದ್ದರಿಂದ ರೈತ ತನ್ನ ಬೆಳೆಯಲ್ಲೇ ಮುಂದಿನ ವರ್ಷದ ಬೀಜ ಇಟ್ಟುಕೊಳ್ಳಬಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯಿದೆ ಈ ಹಕ್ಕನ್ನು ಮಾನ್ಯ ಮಾಡಿದೆ. ಹೊಸ ತಳಿ ಯಾವುದೇ ಬರಲಿ, ಈ ಹಕ್ಕು ಉಳಿಯುವುದೇ, ಬೆಲೆ ಒಣಭೂಮಿಯವರ ಕೈಗೆಟಕುವುದೇ ಎಂದು ಕೇಳಲೇಬೇಕು.

ಯಾವ ವಂಶವಾಹಿಯೂ ನೀರನ್ನು ಸೃಷ್ಟಿಸದು. ಇರುವ ನೀರನ್ನು ಜಾಣತನದಿಂದ ಬಳಸಲು ಗಿಡಕ್ಕೆ ನೆರವಾದೀತು, ಎರಡು ಮಳೆಗಳ ನಡುವಿನ ಕೆಲವು ದಿನಗಳನ್ನು ದಾಟಿಸೀತು. ಬದು, ಕೃಷಿಹೊಂಡ, ಹೂಳು ತೆಗೆದ ಕೆರೆಗಳ ಜೊತೆಗೆ ಬಂದಾಗಲೇ ಅಂಥ ಬೀಜಕ್ಕೆ ಬೆಲೆ. ನಿಮ್ಮಲ್ಲಿ ಕೆಲವರಾದರೂ ಈ ವಿಜ್ಞಾನವನ್ನು ಓದಿ, ಅದನ್ನು ನಮ್ಮ ಕೆಂಪು ನೆಲದ ಹೊಲದಲ್ಲೇ ಪರೀಕ್ಷಿಸುವವರಾಗಿ ಎಂದು ಹಾರೈಸುತ್ತೇನೆ.